ಓಬ ಮನೆ ನೋಡಿಕೊಂಡು ಬಂದ ಕತೆ

ಕೇಳುವವರು ಹತ್ತಿರ ಬನ್ನಿ. ನಿದ್ದೆ ಬಂದವರು ಗೋಡೆಗೆ ಒರಗಿಕೊಳ್ಳಿ. ಆದರೆ ಒರಗುವ ಮುಂಚೆ ಗೋಡೆಯನ್ನು ಒಂದು ಸಲ ತಟ್ಟಿ ನೋಡಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಹಿರೇಕಟ್ಟೆ ಅಂತ ಒಂದು ಊರು. ಆ ಊರಲ್ಲಿ ಬೋರಮ್ಮ ಅಂತ ಒಬ್ಬ ತಾಯಿ. ಆಕೆಗೆ ಓಬ ಅಂತ ಒಬ್ಬನೇ ಮಗ. ಎತ್ತರ ನೋಡಿದರೆ ಯಾರ ಮನೆಗೆ ಹೋದರೂ ಬಾಗಿಲು ತಲೆಗೆ ಬಡಿಯಬೇಕು, ಅಷ್ಟುದ್ದ. ಬುದ್ಧಿ ನೋಡಿದರೆ ಹೊಸ್ತಿಲಿಗಿಂತ ಮೇಲೆ ಏರಿಲ್ಲ. ಕೆಟ್ಟವನಲ್ಲ, ಸೋಮಾರಿಯಲ್ಲ, ಹೇಳಿದ ಕೆಲಸಕ್ಕೆ ಇಲ್ಲ ಅಂದವನೇ ಅಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

ಓಬ ತೊಟ್ಟಿಲಲ್ಲಿದ್ದಾಗ ಒಂದು ಮಳೆಗಾಲ ಅವರ ಮಾಳಿಗೆ ಮನೆ ಕುಸಿದು ಬಿತ್ತು. ಅವನಪ್ಪ ಅದರಡಿಯಲ್ಲೇ ಹೋದ. ತೊಲೆಯನ್ನು ಒಳಗೊಳಗೇ ಗೆದ್ದಲು ತಿಂದಿತ್ತು. ಮೇಲೆ ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿತ್ತು, ಯಾರೂ ತಟ್ಟಿ ನೋಡಿರಲಿಲ್ಲ. ಅವತ್ತಿನಿಂದ ಬೋರಮ್ಮ ಮಣ್ಣಿನ ಮಾಳಿಗೆಯ ಕೆಳಗೆ ಕಾಲಿಟ್ಟವಳಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವ ಕೆಲಸ, ಭಟ್ಟಿಯ ಹಿಂದೆ ಒಂದು ಸೋಗೆ ಗುಡಿಸಲು. "ಗುಡಿಸಲು ಬಿದ್ರೆ ಗರಿ ಬೀಳ್ತದೆ, ಮಾಳಿಗೆ ಬಿದ್ರೆ ಗುಡ್ಡ ಬೀಳ್ತದೆ" ಅನ್ನುತ್ತಿದ್ದಳು.

ಆದರೆ ಗುಡಿಸಲಿಗೂ ವಯಸ್ಸಾಯಿತು. ಈ ಸಲದ ಮಳೆಗೆ ಅದು ನಿಲ್ಲುವುದಿಲ್ಲ ಅಂತ ಬೋರಮ್ಮನಿಗೆ ಗೊತ್ತಿತ್ತು. ಮಂಡಕ್ಕಿ ಹುರಿದೂ ಹುರಿದೂ ಕೂಡಿಟ್ಟ ದುಡ್ಡಿಗೆ ಒಂದೇ ಒಂದು ಮನೆ ಬರುತ್ತಿತ್ತು. ಅದು ಟೊಳ್ಳು ಮನೆಯಾದರೆ ಇನ್ನೊಂದು ಕೊಳ್ಳುವ ಶಕ್ತಿಯೂ ಇಲ್ಲ, ಆಯಸ್ಸೂ ಇಲ್ಲ. ಪಕ್ಕದ ಚಿಕ್ಕಕಟ್ಟೆಯಲ್ಲಿ ಪುಟ್ಟರುದ್ರಪ್ಪ ಅನ್ನುವ ಸಾವ್ಕಾರ ಒಂದು ಹಳೇ ಮಾಳಿಗೆ ಮನೆ ಮಾರುತ್ತಿದ್ದ. "ಸೋಮವಾರದೊಳಗೆ ಮಾತು ಕೊಡಬೇಕು ನೋಡಮ್ಮ. ಬೇರೆಯೋರು ಕಾದವ್ರೆ" ಅಂತ ಹೇಳಿ ಕಳಿಸಿದ್ದ. ಬೋರಮ್ಮನ ಮಂಡಿ ಊದಿ ನಡೆಯುವ ಹಾಗಿರಲಿಲ್ಲ. ಇನ್ಯಾರಿದ್ದಾರೆ? ಮಗನನ್ನೇ ಕರೆದಳು.

"ಲೇ ಓಬ, ಹೋಗಿ ಆ ಮನೆನ ಚೆನ್ನಾಗಿ ನೋಡ್ಕೊಂಡು ಬಾ. ಕಣ್ಣು ರೆಪ್ಪೆ ಬಡೀದಂಗೆ ನೋಡಬೇಕು, ಗೊತ್ತಾಯ್ತಾ?"

"ಹಂಗೇ ಮಾಡ್ತೀನವ್ವ."

ಹೋದ. ಮನೆಯೆದುರಿಗೆ ಒಂದು ಬೇವಿನ ಮರ, ಮರಕ್ಕೊಂದು ಕಟ್ಟೆ. ಕಟ್ಟೆಯ ಮೇಲೆ ಕೂತು ಬೆಳಗಿನಿಂದ ದನ ಮನೆಗೆ ಬರುವ ಹೊತ್ತಿನವರೆಗೆ ಮನೆಯನ್ನೇ ನೋಡಿದ. ಮನೆಗೆ ಬರುವಾಗ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು.

"ನೋಡಿದೆಯೇನೋ?"

"ನೋಡಿದೆ ಕಣವ್ವ. ಎರಡು ಸಲ ರೆಪ್ಪೆ ಬಡಿದೆ. ನೊಣ ಬಂತು."

"ಹೋಗಲಿ ಬಿಡು. ಹೆಂಗೈತೋ ಮನೆ?"

"ಅಲ್ಲೇ ಐತೆ ಕಣವ್ವ."

"ಅಲ್ಲೇ ಐತೆ ಅಂದ್ರೆ?"

"ಬೆಳಗ್ಗೆ ಎಲ್ಲಿತ್ತೋ ಸಂಜೇನೂ ಅಲ್ಲೇ ಇತ್ತು. ಎಲ್ಲಿಗೂ ಹೋಗಲಿಲ್ಲ."

ಬೋರಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಹೊಸದನ್ನ ಕಂಡ್ರೆ ಬರೀ ನೋಡ್ತಾ ಕೂರೋದಾ? ಬೆರಳು ಮಡಚಿ ಟಕ್ ಟಕ್ ಅಂತ ತಟ್ಟಬೇಕು, ಕಿವಿ ಇಟ್ಟು ಕೇಳಬೇಕು! ಗಟ್ಟಿ ಸದ್ದು ಬಂದ್ರೆ ಒಳ್ಳೇದು. ಡಬ ಡಬ ಅಂದ್ರೆ ಒಳಗೆ ಟೊಳ್ಳು, ಕೊಳ್ಳಬಾರದು!"

"ಹಂಗೇ ಮಾಡ್ತೀನವ್ವ."

ಆ ರಾತ್ರಿ ಬೋರಮ್ಮನಿಗೆ ನಿದ್ದೆ ಹತ್ತಲಿಲ್ಲ. ಇವನ ಕೈಲಿ ಆಗುವ ಕೆಲಸವಲ್ಲ, ಗಾರೆ ಕೆಲಸದ ಗಿರಿಯಪ್ಪನೇ ನೋಡಬೇಕು ಅಂದುಕೊಂಡಳು. ಗಿರಿಯಪ್ಪ ಸುತ್ತ ಏಳೂರಿಗೂ ಮನೆ ಕಟ್ಟಿದವನು, ಗೋಡೆಗೆ ಅಂಗೈ ಇಟ್ಟರೆ ಗೋಡೆಯ ವಯಸ್ಸು ಹೇಳುತ್ತಿದ್ದ. ಬೆಳಗಾಗುತ್ತಲೇ ಮಗನನ್ನು ಅವನ ಮನೆಗೆ ಓಡಿಸಿದಳು.

ಓಬ ಗಿರಿಯಪ್ಪನನ್ನು ಹತ್ತಿರದಿಂದ ಕಂಡವನಲ್ಲ. ಅವನಿಗೆ ಗಿರಿಯಪ್ಪ ಹೊಸಬ. ಗಿರಿಯಪ್ಪ ಜಗಲಿಯ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದ. ಬೋಳು ತಲೆ ಬಿಸಿಲಿಗೆ ಫಳಫಳ ಅನ್ನುತ್ತಿತ್ತು. ಓಬ ಹಿಂದಿನಿಂದ ಹೋದ, ಬೆರಳು ಮಡಚಿದ. ಟಕ್ ಟಕ್! ಕಿವಿ ಇಟ್ಟು ಕೇಳಿದ. ಮತ್ತೆ ಟಕ್ ಟಕ್!

"ಯಾವನಲೇ ಅವನು!"

"ಡಬ ಡಬ ಅಂತೈತೆ ಗಿರಿಯಣ್ಣ. ಒಳಗೆ ಟೊಳ್ಳು. ನಿನ್ನ ಕೊಳ್ಳಬಾರದು."

ಗಿರಿಯಪ್ಪ ಎದ್ದು ಗಾರೆ ಮೆತ್ತುವ ಕರಣೆ ಎತ್ತಿಕೊಂಡ. "ಅವ್ವ ಮನೆ ನೋಡೋಕೆ ಕರೀತಾವ್ಳೆ!" ಅನ್ನುತ್ತಲೇ ಓಬ ಓಡಿದ. ಕರಣೆ ಹಿಂದೆಯೇ ಹಾರಿ ಬಂತು. "ನಿಮ್ಮವ್ವನಿಗೆ ಹೇಳು, ನಿಮ್ಮ ಮನೆ ಬೀಳಲಿ ನಿಲ್ಲಲಿ, ನಾನು ಬರಲ್ಲ!"

ಅದನ್ನು ಕೇಳಿ ಬೋರಮ್ಮ ತಲೆ ಮೇಲೆ ಕೈ ಹೊತ್ತಳು. ಇದ್ದ ಒಂದು ದಾರಿಯೂ ಮುಚ್ಚಿತು. "ಮನೇಲಿ ಇರೋರನ್ನ ಕಂಡ್ರೆ ತಟ್ಟಬಾರದು ಕಣೋ ಮುಂಡೇದೇ! ಕೈ ಮುಗೀಬೇಕು! ಒಂದು ಚೂರು ಬೆಲ್ಲ ಕೊಡಬೇಕು! ಮನೆಮಂದಿ ಎಲ್ಲ ಚೆಂದಾಗವ್ರಾ, ಮಳೆ ಬೆಳೆ ಹೆಂಗೆ ಅಂತ ಕೇಳಬೇಕು!"

"ಹಂಗೇ ಮಾಡ್ತೀನವ್ವ."

ಶುಕ್ರವಾರ ಬಂತು. ಬೋರಮ್ಮ ಮತ್ತೆ ಮಗನನ್ನೇ ಕಳಿಸಬೇಕಾಯಿತು. "ಈ ಸಲ ಒಳಗೆ ಹೋಗು. ಕಂಬಕ್ಕೆ ಗೆದ್ದಲು ಹತ್ತೈತಾ, ಅಷ್ಟು ನೋಡು ಸಾಕು. ನನ್ನಪ್ಪ, ಅಷ್ಟು ನೋಡು."

ಓಬ ಹೋದ. ಸಂಜೆಗೆ ಕುಣಿಯುತ್ತಾ ಬಂದ.

"ಗೆದ್ದಲು ಐತೇನೋ?"

"ಎಲ್ಲ ಚೆಂದಾಗವ್ರೆ ಕಣವ್ವ."

"ಯಾರೋ?"

"ಗೆದ್ದಲು. ನಡುಮನೆ ಕಂಬದಾಗೆ ಇರೋದು, ದೊಡ್ಡ ಸಂಸಾರ. ಕೈ ಮುಗಿದೆ. ಮಳೆ ಬೆಳೆ ಹೆಂಗೆ ಅಂದೆ, ಮಾತಾಡ್ಲಿಲ್ಲ. ಒಂದು ಹಿಡಿ ಬೆಲ್ಲ ಇಟ್ಟು ಬಂದೆ."

ಬೋರಮ್ಮನಿಗೆ ಎಣ್ಣೆ ಹಚ್ಚಿದ ಆ ಹಳೇ ತೊಲೆ ಕಣ್ಣ ಮುಂದೆ ಬಂತು. "ಎಷ್ಟು ತಿಂದೈತೋ?"

"ಬೆಲ್ಲಾನಾ?"

"ಕಂಬಾನೋ, ಕಂಬಾನ!"

"ಅದನ್ನ ಕೇಳಲಿಲ್ಲ ಕಣವ್ವ. ಊಟದ ಮಾತು ಕೇಳಬಾರದು ಅಂತ ಸುಮ್ಮನಾದೆ."

ಬೋರಮ್ಮನಿಗೆ ನಗು ಬರಲಿಲ್ಲ, ಅಳು ಬಂತು. ಮಂಡಕ್ಕಿ ಮೂಟೆ ಹೊಲಿಯುವ ದಬ್ಬಣ ತೆಗೆದು ಮಗನ ಕೈಗೆ ಕೊಟ್ಟಳು. "ತಗೋ! ಕೊಳ್ಳೋ ಮುಂಚೆ ಇದನ್ನ ಚುಚ್ಚಿ ನೋಡಬೇಕು! ಸರಕ್ ಅಂತ ಒಳಗೆ ಹೋದ್ರೆ ಕೆಟ್ಟೈತೆ ಅಂತ. ಹೋಗದಿದ್ರೆ ಗಟ್ಟಿ. ನಾಳೆ ಹೋಗಿ ಚುಚ್ಚಿ ನೋಡ್ಕೊಂಡು ಬಾ!"

"ಹಂಗೇ ಮಾಡ್ತೀನವ್ವ."

ಓಬ ಹೋಗುವ ಮುಂಚೆಯೇ, ಶನಿವಾರ ಬೆಳಗ್ಗೆ ಪುಟ್ಟರುದ್ರಪ್ಪನೇ ಬಂದ. ಹೊಸ ಸೈಕಲ್ ಏರಿ ಬಂದು ಅದನ್ನು ಗುಡಿಸಲ ಮುಂದೆ ನಿಲ್ಲಿಸಿದ. "ಏನಮ್ಮ ಇದು! ನಿನ್ನ ಮಗ ನನ್ನ ನಡುಮನೆಯಾಗೆ ಬೆಲ್ಲ ಮೆತ್ತಿ ಹೋಗವ್ನೆ. ಮನೆ ತುಂಬ ಇರುವೆ! ಕೊಳ್ಳೋರು ಹಿಂಗಾ ಮಾಡೋದು?"

"ತಪ್ಪಾಯ್ತು ಸಾವ್ಕಾರ್ರೇ. ಒಂದೆರಡು ದಿನ ತಡೀರಿ. ಒಂದು ಸಲ ಚೆನ್ನಾಗಿ ತೋರಿಸಿಬಿಡ್ತೀನಿ."

ಅವಳು ಬೇಡಿಕೊಳ್ಳುತ್ತಿದ್ದಾಗಲೇ ಹೊರಗಡೆ ಭುಸ್ಸ್ ಅಂತ ಸದ್ದಾಯಿತು. ಆಮೇಲೆ ಇನ್ನೊಂದು ಭುಸ್ಸ್.

"ಅವ್ವಾ, ಕೊಳ್ಳಬೇಡ! ದಬ್ಬಣ ಸರಕ್ ಅಂತ ಹೋಯ್ತು! ಮುಂದಿನ ಗಾಲೀಲೂ ಬರೀ ಗಾಳಿ, ಹಿಂದಿನ ಗಾಲೀಲೂ ಬರೀ ಗಾಳಿ!"

ಸಾವ್ಕಾರ ಸೈಕಲ್ ತಳ್ಳಿಕೊಂಡು ಹೊರಟ. ಹೋಗುತ್ತಾ ತಿರುಗಿ ಕೂಗಿದ: "ಸೋಮವಾರದ ಮಾತು ಮರೆತುಬಿಡು! ನಾಳೆ ಹೊತ್ತು ಮುಳುಗೋದರೊಳಗೆ ಹೂಂ ಅನ್ನು, ಇಲ್ಲ ಊಹೂಂ ಅನ್ನು!"

ಬೋರಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. "ಅವತ್ತು ಆ ತೊಲೆ ಹಿಡಿಯೋಕೆ ಇನ್ನೊಂದು ಕೈ ಇದ್ದಿದ್ರೆ ನಿಮ್ಮಪ್ಪ ಉಳೀತಿದ್ದ ಕಣೋ. ನನಗಿದ್ದದ್ದು ಎರಡೇ ಕೈ. ಎರಡರಾಗೂ ನಿನ್ನ ಎತ್ಕೊಂಡು ಹೊರಗೆ ಓಡಿದೆ. ತಿರುಗಿ ನೋಡೋದರೊಳಗೆ ಮನೆ ಇರಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನು ಮೇಲೆ ಯಾರೂ ಹೇಳದೆ ಏನೂ ಮಾಡಬೇಡ! ಹೇಳಿದ ಕೆಲಸ ಹಿಡಿದ್ರೆ, ಬಿಡು ಅನ್ನೋಗಂಟ ಬಿಡಬೇಡ! ತಿಳೀತಾ?"

ಓಬ ತಲೆಯಾಡಿಸಿದ.

ಬೋರಮ್ಮ ಮಂಡಿಗೆ ಬಟ್ಟೆ ಬಿಗಿದು, ಮಂಡಕ್ಕಿ ಗಾಡಿಯಲ್ಲಿ ಕೂತು ತಾನೇ ಗಿರಿಯಪ್ಪನ ಮನೆಗೆ ಹೋದಳು. "ಗಿರಿಯಣ್ಣ, ನಿನ್ನ ತಲೆ ಗಟ್ಟಿ. ಟೊಳ್ಳು ಇರೋದು ನನ್ನ ಮಗನದು. ಹೆಣ್ಣೆಂಗಸು ಕೈ ಮುಗಿದು ಕೇಳ್ತಿದೀನಿ, ಒಂದು ಸಲ ಬಂದು ನೋಡು. ನನ್ನ ಗಂಡ ಹೋದಂಗೆ ಮಗ ಹೋಗಬಾರದು." ಗಿರಿಯಪ್ಪ ತಲೆ ಸವರಿಕೊಂಡ. ನಕ್ಕುಬಿಟ್ಟ. "ನಡೆಯಕ್ಕ" ಅಂದ.

ಭಾನುವಾರ ಗಿರಿಯಪ್ಪ ನೋಡಿದ್ದೇ ನೋಡಿದ್ದು. ಗೋಡೆಯ ಬುಡದಿಂದ ತುದಿಯವರೆಗೆ ತಟ್ಟಿದ. ಮೂಲೆ ಮೂಲೆಗೆ ತೂಕದ ಗುಂಡು ಬಿಟ್ಟು ಗೋಡೆ ವಾಲಿದೆಯಾ ಅಂತ ನೋಡಿದ. ಹಾರೆ ಹಿಡಿದು ಪಾಯದ ಪಕ್ಕ ಮೊಳದುದ್ದ ಅಗೆದ. ಮಾಳಿಗೆ ಹತ್ತಿ ಇಪ್ಪತ್ತು ಕೊಡ ನೀರು ಸುರಿದು, ಕೆಳಗಿಳಿದು ಬಂದು ಎಲ್ಲಿ ತೊಟ್ಟಿಕ್ಕುತ್ತದೆ ಅಂತ ಕಾದು ಕೂತ. ಒಂದೊಂದು ತೊಲೆಗೂ ದಬ್ಬಣ ಚುಚ್ಚಿದ. ಬೋರಮ್ಮ ಒಳಗೆ ಹೋಗಲಿಲ್ಲ. ಬೀದಿಯಲ್ಲಿ ಬೇವಿನ ಕಟ್ಟೆಯ ಮೇಲೆ ಕೂತು ಸೆರಗು ಕಚ್ಚುತ್ತಿದ್ದಳು. ಅವನು ಒಳಗೆ ಒಂದೊಂದು ಸಲ ತಟ್ಟಿದಾಗಲೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಸಾವ್ಕಾರ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ತಿರುಗುತ್ತಿದ್ದ.

ಗಿರಿಯಪ್ಪ ಕೈ ಕೊಡವಿಕೊಂಡು ಹೊರಗೆ ಬಂದ.

"ಪಾಯ ಗಟ್ಟಿ. ಗೋಡೆ ಗಟ್ಟಿ. ತೊಲೆ ಹೊನ್ನೆ ಮರದ್ದು, ಕಬ್ಬಿಣ ಇದ್ದಂಗೈತೆ. ನಡುಮನೆ ಕಂಬ ಒಂದು ಹೋಗೈತೆ, ಬದಲಾಯಿಸಬೇಕು. ಗೆದ್ದಲು ಮೇಲಕ್ಕೆ ಏರಿಲ್ಲ. ಬೆಲ್ಲಕ್ಕೆ ಬಂದ ಇರುವೆ ಅರ್ಧ ಗೆದ್ದಲನ್ನ ತಿಂದು ಮುಗಿಸ್ಯಾವೆ! ತಗೋ ಬೋರಕ್ಕ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬೀಳಲ್ಲ."

ಬೋರಮ್ಮ ಹೂಂ ಅಂದಳು. ಪತ್ರವೂ ಆಯಿತು.

ಗುರುವಾರ ಬೆಳಗ್ಗೆ ಹೊಸ ಕಂಬ, ಮಧ್ಯಾಹ್ನ ಹಾಲು ಉಕ್ಕಿಸುವುದು ಅಂತ ಗೊತ್ತುಮಾಡಿದರು. ಗಿರಿಯಪ್ಪ ತೊಲೆ ಕೆಳಗಿಳಿಯದ ಹಾಗೆ ಮರದ ಆನಿಕೆ ಕೊಟ್ಟು ಹಳೇ ಕಂಬ ಬಿಚ್ಚಿದ. ಪಕ್ಕದಲ್ಲೇ ಓಬ ನಿಂತಿದ್ದ. ಇವನ ಕೈ ಖಾಲಿ ಬಿಟ್ಟರೆ ಇನ್ನೇನನ್ನು ಚುಚ್ಚುತ್ತಾನೋ ಅಂತ ಗಿರಿಯಪ್ಪ, "ಲೇ ಉದ್ದನೆಯೋನೇ, ಎರಡೂ ಕೈ ಎತ್ತಿ ಈ ತೊಲೆ ಹಿಡ್ಕೊ" ಅಂದ. ಓಬ ಹಿಡಿದುಕೊಂಡ. ಹೊಸ ಕಂಬ ನಿಂತಿತು. ಗಿರಿಯಪ್ಪ ಆನಿಕೆ ತೆಗೆದ, ಹಿತ್ತಲಲ್ಲಿ ಕೈಕಾಲು ತೊಳೆದ, ಜಗಲಿಯಲ್ಲಿ ಪಾಯಸ ಉಂಡ, ಊರಿಗೆ ಹೋದ.

ಹಾಲು ಉಕ್ಕಿತು. ಬೋರಮ್ಮ ಹಿತ್ತಲ ಬಾಗಿಲಿಂದ ಅಡಿಗೆಮನೆಗೆ ಬಂದು, ಇಪ್ಪತ್ತು ವರ್ಷದ ಮೇಲೆ ಮಾಳಿಗೆಯ ಕೆಳಗೆ ಒಲೆ ಹಚ್ಚಿದ್ದಳು. ಭಟ್ಟಿಯ ಹೆಂಗಸರು ಬಂದು ಜಗಲಿಯಲ್ಲೇ ಉಂಡು ಹೋದರು. ಓಬ ಕಾಣಲಿಲ್ಲ, ಎಲ್ಲೋ ಬೀದಿ ಸುತ್ತುತ್ತಿರಬೇಕು ಅಂದುಕೊಂಡಳು. ಅವರನ್ನು ಕಳಿಸಿ ಬಿಸಿಲಿಂದ ನಡುಮನೆಯ ಕತ್ತಲೆಗೆ ಬಂದಾಗ ಕಣ್ಣು ಮಂಜಾಯಿತು. ಎರಡು ಕಂಬ ಕಂಡವು. ಒಂದೇ ಹಾಕಿಸಿದ್ದಲ್ಲವಾ, ಗಿರಿಯಣ್ಣ ಒಳ್ಳೆಯವನು, ನನ್ನ ಭಯ ನೋಡಿ ಇನ್ನೊಂದು ಕೊಟ್ಟವ್ನೆ, ಅಂತ ಹತ್ತಿರದ ಕಂಬಕ್ಕೆ ಬೆನ್ನು ಕೊಟ್ಟು ಉಸ್ಸಪ್ಪಾ ಅಂತ ಒರಗಿದಳು.

"ಒರಗಬೇಡ ಕಣವ್ವ. ಬೀಳ್ತೀನಿ."

ಬೋರಮ್ಮ ಹೌಹಾರಿ ತಿರುಗಿದಳು. ಮಾಳಿಗೆಯ ಮಣ್ಣು ತಲೆಯಿಂದ ಕಾಲಿನವರೆಗೆ ಸುರಿದು ಓಬ ಗುರುತೇ ಸಿಗದ ಹಾಗಿದ್ದ. ಎತ್ತಿದ ಕೈ ಗಡಗಡ ನಡುಗುತ್ತಿದ್ದವು.

"ಅಯ್ಯೋ ಶಿವನೇ! ಬೆಳಗಿಂದ ಹಿಂಗೇ ನಿಂತಿದೀಯೇನೋ?"

"ಬಿಡು ಅಂತ ಯಾರೂ ಅನ್ನಲಿಲ್ಲವಲ್ಲ."

"ಬಿಡೋ ನನ್ನಪ್ಪ! ಬಿಡು! ಹೊಸ ಕಂಬ ಐತೆ, ಬಿಡು!"

ಹುಟ್ಟಿದಾಗಿನಿಂದ ಓಬ ಅವ್ವನ ಮಾತಿಗೆ ಇಲ್ಲ ಅಂದವನಲ್ಲ. ಈಗ ಅಂದ. "ಇಲ್ಲ. ನೀನು ಮೊದಲು ಹೊರಗೆ ಹೋಗು."

ಬೋರಮ್ಮನಿಗೆ ಏನು ಹೇಳಿದರೂ ಕೇಳುವವನಲ್ಲ ಅಂತ ಗೊತ್ತಾಯಿತು. ಊದಿದ ಮಂಡಿ ಎಳೆದುಕೊಂಡು, ತನ್ನ ಮನೆಯಿಂದ ತಾನೇ ಹೊರಬಿದ್ದು, ಬೀದಿ ದಾಟಿ ಬೇವಿನ ಕಟ್ಟೆಯ ಮೇಲೆ ಕೂತಳು. "ಬಂದೆ ಕಣೋ! ಬಿಡು!" ಅಂತ ಕೂಗಿದಳು. ಒಳಗಿಂದ ದಬದಬ ಓಡಿ ಬಂದ ಓಬನ ತಲೆ ಬಾಗಿಲಿಗೆ ಢಣ್ ಅಂತ ಬಡಿಯಿತು. ಬಂದು ಅವ್ವನ ಪಕ್ಕ ಕೂತ.

ಪಾಯಸ ಒಳಗೆ ಆರುತ್ತಿತ್ತು. ಒಳಗೆ ಹೋಗೋಣ ಅಂದರೆ ಓಬ ಏಳಲಿಲ್ಲ. ರೆಪ್ಪೆ ಬಡಿಯದ ಹಾಗೆ ಮನೆಯನ್ನೇ ನೋಡುತ್ತಿದ್ದ. ಬೋರಮ್ಮನೂ ನೋಡಿದಳು. ದನ ಮನೆಗೆ ಬರುವ ಹೊತ್ತಾಯಿತು.

"ಅವ್ವ, ಹೆಂಗೈತೆ ಮನೆ?"

ಬೋರಮ್ಮ ಸೆರಗಿನಿಂದ ಮಗನ ತಲೆಯ ಮಣ್ಣು ಒರೆಸಿದಳು.

"ಅಲ್ಲೇ ಐತೆ ಕಣೋ," ಅಂದಳು. "ಎಲ್ಲಿಗೂ ಹೋಗಲಿಲ್ಲ."