ಹುದುಗಿನ ಕೊಡದ ಮೌನ

"ಕೇಳ್ರಪ್ಪೋ ಕೇಳ್ರಿ! ಅರಮನೆಯ ಕೊನೇ ಕೋಣೆಯಲ್ಲಿ ಹುದುಗಿನ ಕೊಡದ ರಕ್ಕಸಿ ಕೂತವ್ಳೆ. ಅವಳ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತೆ. ತಪ್ಪಿದವರ ದನಿ ಆಗಲೇ ಹೋಗುತ್ತೆ, ಹೊತ್ತು ಮುಳುಗಿದರೆ ಪ್ರಾಣ!"

ಹೀಗೆ ಡಂಗುರ ಸಾರಿಸದೆ ಅರಸನಿಗೂ ಗತಿಯಿರಲಿಲ್ಲ. ಆ ಕೊನೇ ಕೋಣೆಯಲ್ಲಿ ಶುರುವಾದ ಮೌನ ದಿನಕ್ಕೊಂದು ಕೋಣೆ ಹಿಡಿಯುತ್ತಾ ಸಿಂಹಾಸನದ ಹೊಸ್ತಿಲಿಗೆ ಬಂದಿತ್ತು. ಬಾಗಿಲು ಬಡಿದರೂ ಸದ್ದಿಲ್ಲ.

ಮಗ್ಗಕ್ಕೆ ನೂಲಿನ ಉರುಳೆ, ಅಂದರೆ ಕಂಡಿಕೆ, ಸುತ್ತುವ ಚೌಡಪ್ಪ ಬಂದದ್ದು ಅಣ್ಣ ಮುದ್ದಯ್ಯನಿಗಾಗಿ. ಬೆಳಿಗ್ಗೆ ಮೂರನೇ ಒಗಟಿನಲ್ಲಿ ಸೋತ ಅಣ್ಣ ಗೋಡೆಗೊರಗಿ ಬಾಯಿ ತೆರೆದು ನಿಂತಿದ್ದ. ಕಣ್ಣಲ್ಲಿ ನೀರು, ಗಂಟಲಲ್ಲಿ ಸದ್ದಿಲ್ಲ.

ರಕ್ಕಸಿ ಕೇಳಿದಳು: "ಸಾಸಿವೆಗಿಂತ ಸಣ್ಣ ಮನೆ, ಅದರ ಸಾವಿರಪಟ್ಟು ಉದ್ದದ ನೂಲು ಒಳಗಿದೆ. ಸಿಕ್ಕಾಗಿಲ್ಲ. ಹೇಗೆ?"

"ಮಂತ್ರ ಹಾಕಿ!" ಎಂದ, ತಾನೂ ಪಣಕ್ಕಿಳಿದಿದ್ದ ದಳವಾಯಿ. ಮರುಕ್ಷಣ ಅವನ ತುಟಿಯಷ್ಟೇ ಆಡುತ್ತಿತ್ತು.

"ಕಂಡಿಕೆಗೆ ಸುತ್ತಿದಾರೆ ತಾಯಿ," ಎಂದ ಚೌಡಪ್ಪ.

"ಆ ನೂಲಿನ ಮೇಲೊಂದು ಪಾಠವಿದೆ. ಅಕ್ಷರ ಅಳಿಸಿಲ್ಲ, ಆದರೂ ಓದಲಾಗದು. ಯಾಕೆ?"

"ಹುಳ ತಿಂದಿದೆ," ಎಂದರು ಆಸ್ಥಾನದ ಶಾಸ್ತ್ರಿಗಳು. ಅವರ ದನಿಯೂ ಹೋಯಿತು.

ಚೌಡಪ್ಪ ರಕ್ಕಸಿಯತ್ತ ತಿರುಗಿದ. "ಕಾವಲಿನೋರು ಕಂಡಿಕೆ ಮೇಲೆ ಒತ್ತಿ ಕೂತವ್ರೆ, ನೂಲು ಬಿಚ್ಚಾಕಾಗಲ್ಲ. ಒಬ್ಬ ಕೂತರೆ ಪಕ್ಕಕ್ಕೆ ಇನ್ನೊಬ್ಬನ್ನ ಕರೀತಾನೆ. ಈ ಅರಮನೇಲಿ ಮೌನ ಕೋಣೆಯಿಂದ ಕೋಣೆಗೆ ಹಬ್ತಿರೋದೂ ಹಂಗೇ ಅಲ್ವಾ?"

ಕೊಡ ಗುಳುಗುಳು ಎಂದಿತು. ರಕ್ಕಸಿ ಮೂರನೆಯದನ್ನು ಕೇಳಿದಳು: "ನನ್ನ ಹುದುಗಿನ ಒಂದೊಂದು ಕಣದಲ್ಲೂ ಗಂಡಿನ ಪಾಠ, ಹೆಣ್ಣಿನ ಪಾಠ ಎರಡೂ ಮೂಲೆಯಲ್ಲಿ ಮುಚ್ಚಿವೆ. ನಡುಮನೆಯಲ್ಲಿ ಒಂದರ ನಕಲಷ್ಟೇ ತೆರೆದಿದೆ. ಕಾವಲು ಎದ್ದು ಹೋದರೆ ಏನಾದೀತು? ಇಮ್ಮಡಿ ಮದುವೆ ಅಂದು ಸೋತ ನಿಮ್ಮಣ್ಣ."

ಕಿಟಕಿಯ ಬಿಸಿಲು ಕೆಂಪಾಗಿತ್ತು. ಚೌಡಪ್ಪ ತಡವರಿಸಿದ. "ಒಂದ್ಸಲ ಮದುಮಗನ ಪಂಚೆಯ ಕಂಡಿಕೆ, ಮದುಮಗಳ ಸೀರೆಯ ಕಂಡಿಕೆ ಒಂದೇ ಮಗ್ಗಕ್ಕೆ ಕೊಟ್ಟುಬಿಟ್ಟಿದ್ದೆ. ಆ ಬಟ್ಟೇನ ಯಾರೂ ಉಡಲಿಲ್ಲ. ಹಂಗೇ ಎರಡು ಪಾಠವೂ ತೆರೆದ್ರೆ ಆ ಕಣವೂ ತಾನೇ ಗಂಡೂ ಹೆಣ್ಣೂ ಅಂದ್ಕೊಂಡು ಯಾರ ಜೊತೆಗೂ ಕೂಡಲ್ಲ. ಮದುವೆಯೇ ಇಲ್ಲ ತಾಯಿ."

ರಕ್ಕಸಿ ನಿಟ್ಟುಸಿರುಬಿಟ್ಟಳು. "ಸರಿ. ಬೇಡು."

"ಮೌನ ಬೇಕಾದ್ದು ನಿನ್ನ ಕೊಡದೊಳಗೆ, ಅಲ್ಲೇ ಇರಲಿ. ಇವರೆಲ್ಲರ ದನಿ ಬಿಟ್ಟುಬಿಡು."

ಅವಳು ಮೌನವನ್ನೂ ಎಳೆದುಕೊಂಡು ಕೊಡಕ್ಕಿಳಿದಳು. ಆ ಕಣಕ್ಕೆ ಈಗಿನವರು ಯೀಸ್ಟ್ ಅನ್ನುತ್ತಾರೆ. ನೂಲು ಡಿಎನ್‌ಎ, ಪಾಠ ಜೀನು. ಕಂಡಿಕೆಯೂ ಪ್ರೊಟೀನು, ಕಾವಲಿನವರೂ ಪ್ರೊಟೀನುಗಳೇ. ಚೌಡಪ್ಪನಿಗೆ ಆ ಹೆಸರುಗಳ ಗೊಡವೆ ಬೇಕಿರಲಿಲ್ಲ. ಅರಸ ಊರೊಂದನ್ನು ಉಂಬಳಿ ಕೊಡುತ್ತೇನೆಂದು ಮೂರು ಸಲ ಕೂಗಿ ಹೇಳಿದರೂ ಅವನಿಗೆ ಕೇಳಿಸಲಿಲ್ಲ. ಗೋಡೆಯ ಬಳಿ ಅಣ್ಣ "ಚೌಡಾ" ಎಂದಿದ್ದ.