ಬೂದಿಗುಡ್ಡೆ ಬಿಟ್ಟ ಬೆಕ್ಕು

ಮಠದ ಅಡುಗೆಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಕರಿಬಸಯ್ಯನೆಂಬ ಶಿಷ್ಯ ಗುರುಗಳ ಮುಂದೆ ಕೈಕಟ್ಟಿ ನಿಂತು ಕೇಳಿದ: “ಬುದ್ಧಿ, ನೀರು ಹೊರುವ ಮುದುಕ ಈಚೆಗೆ ಬೆಳಗಿನ ಪೂಜೆಗೆ ಏಳುವುದಿಲ್ಲ. ಮೊದಲು ಹೀಗಿರಲಿಲ್ಲ. ಎಲ್ಲರ ಎದುರಿಗೇ ಅವನನ್ನು ಹೊರಗೆ ಹಾಕಿಬಿಟ್ಟರೆ ಉಳಿದವರು ಪಾಠ ಕಲಿಯುವುದಿಲ್ಲವೇ?”

ಗುರುಗಳು “ಕೂತುಕೋ” ಎಂದರು. ಆಮೇಲೆ ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅಂಥ ಕುಂಬಾರ ಮತ್ತೆ ಹುಟ್ಟಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅವನ ಗುಡಾಣದೊಳಗೆ ಆನೆ ಇಳಿದು, ಸ್ನಾನ ಮಾಡಿ, ಮೈ ಒರೆಸಿಕೊಂಡು ಹತ್ತಿ ಬರಬಹುದಿತ್ತು. ಅವನ ಹೂಜಿಯ ನೀರು ಕುಡಿದವರು ಕಡುಬೇಸಗೆಯಲ್ಲಿ ಕಂಬಳಿ ಕೇಳುತ್ತಿದ್ದರು. ಮಡಕೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಕಣ್ಣಿಗೆ ಕಾಣದ ಬಿರುಕನ್ನೂ ಹೇಳುತ್ತಿದ್ದ. ಅಂಥ ಕಿವಿ ಅವನದು.

ಮನೆಯಲ್ಲಿ ಹೆಂಡತಿ, ಮುದಿ ತಾಯಿ ಇದ್ದರು; ಒಂದು ಗಂಡು ಬೆಕ್ಕೂ ಇತ್ತು. ಬೆಕ್ಕು ಉಚ್ಚೆ ಹೊಯ್ಯಲು ಮಡಕೆ ಸುಡುವ ಆವಿಗೆಯ ಹಿಂದಿನ ಬೂದಿಗುಡ್ಡೆಗೆ ಹೋಗಿ, ಕೆರೆದು, ಕೂತು, ಮುಚ್ಚಿ ಬರುತ್ತಿತ್ತು. ಒಂದು ದಿನ ಅದು ಒಲೆಯ ಪಕ್ಕದಲ್ಲೇ ಕೂತಿತು. ಮರುದಿನ ಚಾಪೆಯ ಮೇಲೆ. ಆಮೇಲೆ ತುಳಿದು ಹದ ಮಾಡಿಟ್ಟ ಮಣ್ಣಿನ ಮೇಲೆ. ಕುಂಬಾರ ಅದರ ಮೂಗನ್ನು ಆ ಒದ್ದೆಗೇ ತಿಕ್ಕಿದ. ಕೋಲಿನಿಂದ ಹೊಡೆದ. ಬೆಕ್ಕು ಇನ್ನೊಂದು ಮೂಲೆ ಹುಡುಕಿತು.

ತಾಯಿ ಹೇಳಿದಳು: “ಮಗಾ, ಅದು ಕೂತಾಗ ಕೂಗ್ತದೆ ಕಣೋ. ಹನಿ ಹನಿ ಬೀಳ್ತದೆ. ಏನೋ ನೋವಿದೆ ಅದಕ್ಕೆ.”

“ನಿನ್ನ ಕಿವಿ ಯಾವಾಗಿಂದ ಕೇಳ್ಸೋಕೆ ಶುರುವಾಯ್ತವ್ವಾ?” ಎಂದು ಕುಂಬಾರ ನಕ್ಕ. “ಮನೆಯೊಳಗೆ ಹೊಲಸು ಮಾಡೋರಿಗೆ ನನ್ನ ಮನೇಲಿ ಜಾಗ ಇಲ್ಲ. ಅದು ಯಾರೇ ಆಗಿರಲಿ.”

ತಾಯಿ ಒದ್ದೆಯಾದ ಚಾಪೆಯನ್ನು ಎತ್ತಿಕೊಂಡು ತೊಳೆಯಲು ಹೋದಳು.

ಅವನು ಬೆಕ್ಕನ್ನು ಚೀಲದಲ್ಲಿ ಕಟ್ಟಿ, ಹೊಳೆ ದಾಟಿ, ಗುಡ್ಡ ದಾಟಿ, ನರಿಗೂ ದಾರಿ ತಪ್ಪುವಂಥ ಕಾಡಿನಲ್ಲಿ ಬಿಟ್ಟು ಬಂದ. ಬಂದು ನೋಡಿದರೆ ಬೆಕ್ಕು ಅವನಿಗಿಂತ ಮುಂಚೆ ಬಂದಿದೆ. ಸುಳ್ಳೆನ್ನಬೇಡ. ಆದರೆ ಅದು ಒಳಗೆ ಕಾಲಿಡಲಿಲ್ಲ. ಬೂದಿಗುಡ್ಡೆಯ ಮೇಲೆ ಕೂತಿತ್ತು. ಕೂತಲ್ಲೇ ಸತ್ತಿತು. ತಾಯಿ ಅದನ್ನು ಎತ್ತಿಕೊಂಡಳು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು.

“ಮನೆ ಚೊಕ್ಕಟವಾಯಿತು” ಎಂದ ಕುಂಬಾರ.

ಬೇಸಗೆ ಬಂತು. ಒಂದು ಮುಂಜಾನೆ ತಾಯಿಯ ಹಾಸಿಗೆ ಒದ್ದೆಯಾಗಿತ್ತು. ಯಾರೂ ಏಳುವ ಮೊದಲೇ ಅವಳು ಅದನ್ನು ಒಗೆದು ಬೇಲಿಯ ಮೇಲೆ ಹರವಿದಳು. ಸೊಸೆ ಕೇಳಿದಾಗ “ಕೊಳೆಯಾಗಿತ್ತಮ್ಮ” ಎಂದಳು. ಅಂದಿನಿಂದ ಸೊಸೆ ಕೊಟ್ಟ ನೀರನ್ನು ತುಟಿಗೆ ಮುಟ್ಟಿಸಿ, ಯಾರೂ ಕಾಣದಾಗ ಬೂದಿಗುಡ್ಡೆಗೆ ಸುರಿದು ಬರುತ್ತಿದ್ದಳು.

ಅವಳು ಮೇಲೇಳದ ದಿನ ಕುಂಬಾರ ವೈದ್ಯನನ್ನು ಕರೆತಂದ. ವೈದ್ಯ ಮುದುಕಿಯ ಕೈಮೇಲಿನ ಚರ್ಮವನ್ನು ಹಿಡಿದು ಎತ್ತಿದ. ಎತ್ತಿದ ಚರ್ಮ ಎತ್ತಿದ ಹಾಗೇ ನಿಂತಿತು.

“ಇಷ್ಟೊಂದು ಕೊಡ, ಹೂಜಿ ಇರುವ ಮನೆಯಲ್ಲಿ ಈಕೆಗೆ ನೀರು ಕೊಡುವವರೇ ಇರಲಿಲ್ಲವೇನಯ್ಯಾ?” ಎಂದ.

ಕುಂಬಾರ ಓಡಿಹೋಗಿ ನೀರು ತಂದು ತಾಯಿಯ ಬಾಯಿಗೆ ಹಿಡಿದ. ಅವಳು ಮುಖ ತಿರುಗಿಸಿದಳು.

“ಬೇಡ ಮಗಾ,” ಎಂದಳು. “ಈಗ ತಾನೇ ಹಾಸಿಗೆ ಒಗೆದು ಹಾಕಿದ್ದಾರೆ.”

ಅದೇ ಅವಳ ಕೊನೆಯ ಮಾತು.

ಗುರುಗಳು ಕತೆ ನಿಲ್ಲಿಸಿದರು.

“ಉಳಿದವರು ಪಾಠ ಕಲಿಯುತ್ತಾರೆ ಕಣಪ್ಪ,” ಎಂದರು ಗುರುಗಳು, “ಚೆನ್ನಾಗಿಯೇ ಕಲಿಯುತ್ತಾರೆ.”