ಬೀಗರ ಬಾಯಿಗೆ ನಿಂಬೆಹಣ್ಣು

ಕೇಳ್ರಪ್ಪಾ, ನಿಂಗಾಜಮ್ಮಂಗೆ ಒಬ್ನೇ ಮಗ, ಜವರ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ತಾಪತ್ರಯ! ಬಾಗ್ಲು ನೋಡ್ಕೊ ಅಂದ್ರೆ ಬಾಗ್ಲನ್ನೇ ಮಿಕಮಿಕ ನೋಡ್ಕೊಂಡು ಕೂತಿರೋನು. ಅತ್ಲಾಗೆ ಹಿತ್ಲಿಂದ ನಾಯಿ ನುಗ್ಗಿ ಮುದ್ದೆ ತಿಂದು ಹೋಗೋದು.

"ನಿಂಗೊಂದು ಹೆಣ್ಣು ಗಂಟು ಹಾಕೋಗಂಟ ನಾನು ಬದುಕಿರ್ತೀನೇನೋ!" ಅಂತ ಅವ್ವ ಹಣೆ ಚಚ್ಕೊಳೋಳು.

ಅಂಥಾ ಅವ್ವ ಮಲಗ್ಬಿಟ್ಲು. ಹಣ್ಣು ತಿಂದ್ರೆ ಶೀತ ಅಂತ ಹೆದರಿ ಬರೀ ಮುದ್ದೆ, ಹುರುಳಿಕಟ್ಟಲ್ಲೇ ಬದುಕಿದ್ದೋಳು. ಈಗ ಒಸಡೆಲ್ಲ ಊದಿ ರಕ್ತ. ಮೈಮೇಲೆ ನೀಲಿ ಕಲೆ. ಕಾಲಿನ ಗಾಯ ಮಾಯಂಗೇ ಇಲ್ಲ. ಊರೋರು "ಗಾಳಿ ಸೋಕೈತೆ" ಅಂದ್ರು. ಜವರ ಹೆದರ್ಕೊಂಡು ಅವ್ವನ್ನ ಬೆನ್ನಮೇಲೆ ಹೊತ್ಕೊಂಡು ಆಸ್ಪತ್ರೆಗೆ ಓಡಿದ.

"ಗಾಳಿನೂ ಇಲ್ಲ, ಗೀಳಿನೂ ಇಲ್ಲ!" ಅಂದ್ರು ಡಾಕ್ಟ್ರಮ್ಮ. "ವಿಟಮಿನ್ ಸಿ ಕಮ್ಮಿಯಾಗಿದೆ. ಹಿಂಗೇ ಬಿಟ್ರೆ ಜೀವಕ್ಕೇ ಕುತ್ತು. ಈ ಮಾತ್ರೆ ಕೊಡು, ದಿನಾ ನೆಲ್ಲಿಕಾಯಿ, ಸೀಬೆಹಣ್ಣು ತಿನ್ಸು. ವಾಸಿಯಾಗುತ್ತೆ."

ಜವರ ನೆಲ್ಲಿಕಾಯಿ ತಂದ. ಅವ್ವಂಗೆ ಹಲ್ಲು ನೋವಲ್ವಾ? ಒಲೆ ಮೇಲಿಟ್ಟು ಬೆಳಗಿಂದ ಸಂಜೆಗಂಟ ಕುದಿಸಿದ, ಕುದಿಸಿದ, ಗೊಜ್ಜಾಗೋಗಂಟ ಕುದಿಸಿದ!

"ಅಯ್ಯೋ ಪೆದ್ದುಮುಂಡೇದೇ!" ಅವನು ಆಸ್ಪತ್ರೆಗೆ ಹೋಗಿ ಹೇಳ್ದಾಗ ಡಾಕ್ಟ್ರಮ್ಮ ಬೈದ್ರು. "ಕುದಿಸಿದ್ರೆ ಸತ್ವ ಎಲ್ಲಿರುತ್ತೋ? ಹಸೀದೇ ಕೊಡು!"

"ಆಗ್ಲಿ ಕಣಮ್ಮಾ, ಹಸೀದೇ ಕೊಡ್ತೀನಿ."

ಮಾರನೇ ದಿನ ಅವ್ವನ ತಟ್ಟೇಲಿ ಹಸೀ ನೆಲ್ಲಿಕಾಯಿ. ಪಕ್ಕದಲ್ಲಿ ಹಸೀ ಹುರುಳಿಕಾಳು. ಅದರ ಪಕ್ಕ ತಣ್ಣೀರಲ್ಲಿ ಕಲಸಿದ ಹಸೀ ರಾಗಿಹಿಟ್ಟು!

"ಥೂ ನಿನ್ನ! ಮುದ್ದೆ ಬೇಯ್ಸೋ, ಹಣ್ಣು ಹಸೀದು ಕೊಡೋ!" ಅವ್ವ ಗದರಿದ್ಲು. "ನೆಲ್ಲಿಕಾಯಿ ಅಗಿಯೋಕಾಗ್ತಿಲ್ಲ. ನಿಂಬೆಹಣ್ಣು ಹಿಂಡಿ ಬಾಯಿಗೆ ಬಿಡು ಮಗಾ."

ಹಿಂಡಿದ, ಬಿಟ್ಟ. ಹಿಂಡಿದ, ಬಿಟ್ಟ. ಮಾತ್ರೆನೂ ತಪ್ಪಿಸಲಿಲ್ಲ. ನೋಡ್‌ನೋಡ್ತಾ ರಕ್ತ ನಿಂತೋಯ್ತು, ಗಾಯ ಮಾಯ್ತು, ಅವ್ವ ಎದ್ದು ಒಲೆ ಮುಂದೆ ಕೂತು ಮುದ್ದೆ ತೊಳಸಿದ್ಲು!

ಡಾಕ್ಟ್ರಮ್ಮಂಗೂ ಖುಷಿ. "ಭೇಷ್ ಜವರ! ಬೇರೆ ಯಾರಿಗಾದ್ರೂ ಬಾಯಲ್ಲಿ ಕೆಂಪು, ಮೈಮೇಲೆ ನೀಲಿ ಕಲೆ ಕಂಡ್ರೆ ಸುಮ್ನೆ ಇರ್ಬೇಡ!"

"ಇರಲ್ಲ ಕಣಮ್ಮಾ!"

ಅವ್ವ ಎದ್ದಿದ್ದೇ ತಡ, ಹೆಣ್ಣಿನ ಕಡೆಯೋರು ಮನೆ ನೋಡೋಕೆ ಬಂದ್ರು. ಮುಂದೆ ಹೆಣ್ಣಿನಜ್ಜಿ. ಬಾಯ್ತುಂಬ ಎಲೆ ಅಡಿಕೆ, ತುಟಿಯೆಲ್ಲ ಕೆಂಪು! ಮೊಣಕೈಗಂಟ ನೀಲಿ ಹಚ್ಚೆ!

"ಅವ್ವಾ, ಈ ಅಜ್ಜಿಗೆ ಮುಗೀತು!" ಅಂತ ಕಿರುಚಿ ಜವರ ಹಾರಿ ಬಂದ. ಅಜ್ಜಿ ಹೌಹಾರಿ ಬಾಯಿ ತೆಗೆದ್ಲು. ನಿಂಬೆಹಣ್ಣು ಹಿಂಡೇಬಿಟ್ಟ!

ಅಜ್ಜಿ ಕಣ್ಣು ಕಿವುಚಿದ್ಲು, ಮೂತಿ ಕಿವುಚಿದ್ಲು, ಆಮೇಲೆ ಗದರಿದ್ಲು: "ಲೇ ಮೊಮ್ಮಗನೇ, ಒಂಚೂರು ಉಪ್ಪಾದ್ರೂ ಹಾಕ್ಬಾರ್ದೇನೋ!"

ಮೊಮ್ಮಗನೇ ಅಂದ್ಬಿಟ್ಲಲ್ಲ, ಸಂಬಂಧ ಒಪ್ಪಿದಂಗೇ! ನಿಂಗಾಜಮ್ಮ ಬಾಯ್ತುಂಬ ನಕ್ಕಳು. ಒಸಡಲ್ಲಿ ಒಂದು ಹನಿ ರಕ್ತ ಇಲ್ಲ.

ಅಷ್ಟರಲ್ಲಿ ಜವರ ಉಪ್ಪಿನ ಮಡಕೆನೇ ಎತ್ಕೊಂಡು ಬಂದ.

"ಅಜ್ಜೀ, ಆ ಅನ್ನು!"